ಕಲ್ಲು ಗೋಡೆ ಮನೆಗೆ ಮೋಕಾ 2.5 ಅಡಾಪ್ಟರ್: ಕೊಳ್ಳುವ ಮುನ್ನ ಸ್ಪ್ಲಿಟರ್ ನೋಡಿ

ಕೋಲಾರದ ಕಡೆ ಹಳೆ ಮನೆಗಳಲ್ಲಿ ಗೋಡೆಯೂ ಕಲ್ಲು, ಮಾಳಿಗೆಯೂ ಚಪ್ಪಡಿ. ಹಾಲ್‌ನಲ್ಲಿರುವ ರೂಟರಿನ ವೈ-ಫೈ ಹಿಂದಿನ ಕೋಣೆಗೆ ಮುಟ್ಟುವಷ್ಟರಲ್ಲಿ ಒಂದೇ ಕಡ್ಡಿ. ಟಿವಿಗೆಂದು ಆಗಲೇ ಎಳೆದಿರುವ ಆರ್‌ಜಿ-6 ಕೇಬಲ್‌ನಲ್ಲೇ ನೆಟ್‌ವರ್ಕ್ ಒಯ್ಯುವ ಮೋಕಾ ಅಡಾಪ್ಟರ್ ಜೋಡಿ ಇಂಥ ಮನೆಗೆ ಹೇಳಿ ಮಾಡಿಸಿದ್ದು. ರೂಟರ್ ಪಕ್ಕ ಒಂದು, ದೂರದ ಕೋಣೆಯಲ್ಲಿ ಇನ್ನೊಂದು, ಅದಕ್ಕೊಂದು ಆಕ್ಸೆಸ್ ಪಾಯಿಂಟ್, ಅಂದರೆ ಅಲ್ಲಿ ವೈ-ಫೈ ಹರಡುವ ಡಬ್ಬಿ. ವೈರಿಂಗ್ ಪೈಪಿನಲ್ಲಿ ಜಾಗವಿದ್ದರೆ ಇದರ ಗೋಜಿಗೆ ಹೋಗಬೇಡಿ, ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿ.

ಡಬ್ಬಿಯ ಮೇಲೆ 2.5 ಎಂದಿದ್ದರೂ ಈಥರ್ನೆಟ್ ಪೋರ್ಟ್ 1 ಗಿಗಾಬಿಟ್‌ನದೇ ಇರುವ ಮಾಡೆಲ್‌ಗಳಿವೆ. ಅವು ಸುಮಾರು 940 ಎಂಬಿಪಿಎಸ್‌ಗೆ ನಿಲ್ಲುತ್ತವೆ. 100-200 ಎಂಬಿಪಿಎಸ್ ಪ್ಲಾನ್ ಇರುವವರಿಗೆ ಅದು ಧಾರಾಳ.

ತಕರಾರೆಲ್ಲ ಸ್ಪ್ಲಿಟರ್‌ನದು, ಅಂದರೆ ಒಂದೇ ಟಿವಿ ಕೇಬಲನ್ನು ಹಲವು ಕೋಣೆಗೆ ಕವಲೊಡೆಸುವ ಡಬ್ಬಿಯದು. ಮೋಕಾ ಓಡುವುದು 1125ರಿಂದ 1675 ಮೆಗಾಹರ್ಟ್ಸ್‌ನಲ್ಲಿ. ಟಿವಿಯ ಸ್ಪ್ಲಿಟರ್ ಮೇಲೆ 5-1000 ಎಂದು ಅಚ್ಚಾಗಿದ್ದರೆ ಲಿಂಕ್ ದೀಪ ಹತ್ತಿದರೂ ವೇಗ ಬರದೇ ಇರಬಹುದು. 5-1675ರದ್ದು ಹಾಕಿ, ಖಾಲಿ ಪೋರ್ಟಿಗೆ 75 ಓಮ್ ಟರ್ಮಿನೇಟರ್ (ಪೋರ್ಟ್ ಮುಚ್ಚುವ ಮುಚ್ಚಳ) ಬಿಗಿಯಿರಿ. ಎರಡೇ ಕೋಣೆಯಾಗಿದ್ದು ಟಿವಿ ಬೇಡವೆಂದರೆ ಸ್ಪ್ಲಿಟರ್ ಕಿತ್ತು ನೇರ ಜಾಯಿಂಟ್ ಕೊಡುವುದೇ ಲೇಸು. ಮಾಮೂಲಿ ಟಿವಿ ಬೂಸ್ಟರ್ ನಡುವೆ ಇದ್ದರೆ ತೆಗೆಯಿರಿ. ಕೇಬಲ್ ಟಿವಿ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಬರುವುದರಿಂದ ಅದೇ ವೈರಿನಲ್ಲಿರಬಹುದು, ಆದರೆ ಲೈನ್ ಮನೆಯೊಳಗೆ ಬರುವ ಕಡೆ ಮೋಕಾ ಫಿಲ್ಟರ್ ಬೇಕು. ಇಲ್ಲದಿದ್ದರೆ ಸಿಗ್ನಲ್ ಬೀದಿ ಲೈನಿಗೆ ಸೋರುತ್ತದೆ. ಡಿಶ್ ವೈರ್ ಮುಟ್ಟಲೇಬೇಡಿ. ಡಿಶ್ ಮುಂದಿರುವ ಎಲ್‌ಎನ್‌ಬಿ ಎಂಬ ಗ್ರಾಹಕದಿಂದ ಇಳಿಯುವ 950-2150 ಮೆಗಾಹರ್ಟ್ಸ್ ಇದರ ಜಾಗವನ್ನೇ ಆಕ್ರಮಿಸುತ್ತದೆ, ಸಾಲದ್ದಕ್ಕೆ ಅದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಡಿಸಿ ಬೇರೆ.

ಕೇಬಲ್ ತುದಿಗೆ ಹಾಕುವ ಎಫ್ ಕನೆಕ್ಟರ್ ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್‌ನದೇ ಇರಲಿ. ಕೈಯಲ್ಲಿ ತಿರುಗಿಸಿ ಕೂರಿಸುವವು ಕ್ರಮೇಣ ಸಡಿಲವಾಗುತ್ತವೆ. ನಡುತಂತಿಯನ್ನು ಸುಮಾರು 6 ಮಿ.ಮೀ. ಬಿಚ್ಚಿ, ಅದರ ಹಿಂದೆ ಇನ್ನು 6 ಮಿ.ಮೀ. ಹೊರಕವಚ ತೆಗೆದು, ಜಾಲರಿ ಹಿಂದಕ್ಕೆ ಮಡಚಿ. ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್. ಒಳಗಿನ ಬಿಳಿ ಫೋಮ್ ಕನೆಕ್ಟರಿನ ತಳಕ್ಕೆ ಸಮವಾಗಿ ಕೂತ ಮೇಲೆ ಒತ್ತಿ. ಮೂಲೆಯಲ್ಲಿ ವೈರನ್ನು 7 ಸೆಂ.ಮೀ.ಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸಬಾರದು. ಮಾಳಿಗೆ ಮೇಲಿನ ಜಾಯಿಂಟ್ ಮೊದಲು ಬಿಚ್ಚಿ ನೋಡಿ. ಹಸಿರುಗಟ್ಟಿದ್ದರೆ ನೀರು ಹೊಕ್ಕಿದೆ, ಆ ತುಂಡು ಕತ್ತರಿಸಿಯೇಬಿಡಿ.

ಹಳೆ ಕಂಪ್ಯೂಟರ್ ಲ್ಯಾಬ್‌ಗಳ ಕಪ್ಪು ಆರ್‌ಜಿ-58 ಕೇಬಲ್ ಮಿಕ್ಕಿದೆ ಎಂದು ಇದಕ್ಕೆ ಜೋಡಿಸಬೇಡಿ. ಅದು 10 ಎಂಬಿಪಿಎಸ್ ಕಾಲದ 50 ಓಮ್‌ನದು, ಇಲ್ಲಿ ಬೇಕಿರುವುದು 75 ಓಮ್‌ನದು.

ಕರೆಂಟ್ ಹೋದಾಗ ಇಂಟರ್‌ನೆಟ್ ಉಳಿಯಬೇಕಾದರೆ ರೂಟರಿಗೊಂದೇ ಯುಪಿಎಸ್ ಕೊಟ್ಟರೆ ಸಾಲದು, ಎರಡೂ ಅಡಾಪ್ಟರ್‌ಗಳಿಗೂ ಆಕ್ಸೆಸ್ ಪಾಯಿಂಟಿಗೂ ಬೇಕು.