ಬ್ಯಾಸ್ಕೆಟ್‌ಬಾಲ್ ಕೋಚಿಂಗ್: ಕಾಲು ನೋಡುವ ಕೋಚ್ ಸಿಕ್ಕರೆ ಬಿಡಬೇಡಿ

ಬೆಂಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚಿಂಗ್‌ಗೆ ಬರವಿಲ್ಲ. ಮಲ್ಲೇಶ್ವರದ ಬೀಗಲ್ಸ್‌ನಂಥ ಹಳೇ ಕ್ಲಬ್ಬಿನಿಂದ ಹಿಡಿದು ಅಪಾರ್ಟ್‌ಮೆಂಟಿನ ಬೆಳಗಿನ ಬ್ಯಾಚಿನ ತನಕ ಎಲ್ಲವೂ ಇದೆ. ಪಳಗಿದ ಕೋಚ್ ಯಾರು, ಬರೀ ಸೀಟಿ ಊದುವವರು ಯಾರು ಎಂದು ತಿಳಿಯಲು ಒಂದು ಟ್ರಯಲ್ ಕ್ಲಾಸು ಸಾಕು. ಶಾಟ್ ಹೊಡೆದಾಗ ಅಪ್ಪ-ಅಮ್ಮಂದಿರ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಒಳ್ಳೇ ಕೋಚ್ ಮಗುವಿನ ಕಾಲು ನೋಡುತ್ತಿರುತ್ತಾರೆ.

ಲೇಅಪ್ಪನ್ನೇ (ಓಡಿ ಬಂದು ಎಗರಿ, ರಿಂಗಿನ ಹತ್ತಿರದಿಂದ ಚೆಂಡು ಹಾಕುವ ಶಾಟ್) ತೆಗೆದುಕೊಳ್ಳಿ. ಕಳಪೆ ಬ್ಯಾಚಿನಲ್ಲಿ ಮೊದಲ ದಿನವೇ ಅರ್ಧ ಕೋರ್ಟಿನಿಂದ ಡ್ರಿಬಲ್ ಮಾಡಿಸಿ ಓಡಿಸುತ್ತಾರೆ. ಮಗು ಬಲಗಾಲಲ್ಲೇ ಎಗರಿ, ಬಲಗೈಯಲ್ಲೇ ಚೆಂಡನ್ನು ಬೋರ್ಡಿಗೆ ಗುದ್ದುತ್ತದೆ. ಬಲ್ಲವರು ಕೊನೆಯಿಂದ ಶುರು ಮಾಡುತ್ತಾರೆ. ರಿಂಗಿನ ಬಲಕ್ಕೆ ನಿಂತು ಎಡಗಾಲಿನಿಂದ ಒಂದೇ ಎಗರು, ಚೆಂಡು ಬೋರ್ಡಿನ ಚೌಕದ ಹತ್ತಿರದ ಮೇಲ್ಮೂಲೆಗೆ. ಅದು ಕೈಗೆ ಕೂತ ಮೇಲೆ ಬಲ-ಎಡ ಎರಡು ಹೆಜ್ಜೆ, ಆಮೇಲೆ ಒಂದು ಡ್ರಿಬಲ್, ಓಟ ಕಟ್ಟಕಡೆಗೆ. ಇಳಿಯುವಾಗ ಎರಡೂ ಕಾಲು, ಮಂಡಿ ಮಡಿಸಿ, ಪಾದದ ನೇರಕ್ಕೆ. ಮಂಡಿ ಒಳಕ್ಕೆ ವಾಲಿದರೆ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಭಯ. ಹದಿಹರೆಯದ ಹುಡುಗಿಯರಲ್ಲಿ ಇದು ಇನ್ನೂ ಜಾಸ್ತಿ. ಸಿಮೆಂಟ್ ಕೋರ್ಟಿನಲ್ಲಿ ಈ ಮಾತನ್ನೇ ಎತ್ತದ ಕೋಚಿಗೆ ಫೀಸು ಕಟ್ಟುವುದು ಬೇಡ.

ಇನ್ನೊಂದು ಪರೀಕ್ಷೆ: ಓಡುತ್ತಾ ಚೆಂಡು ಹಿಡಿಯುವಾಗ ನೆಲದ ಮೇಲಿರುವ ಕಾಲನ್ನು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ 2017ರಿಂದ ಹೆಜ್ಜೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಾದ ಮೇಲೆ ಎರಡು ಹೆಜ್ಜೆ. ಇದಕ್ಕೆ ಇವತ್ತಿಗೂ ಟ್ರಾವೆಲಿಂಗ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಟ್ಟ ತಪ್ಪು) ಎಂದು ಸೀಟಿ ಊದುವವರಿದ್ದಾರೆ.

ಚೆಂಡಿನ ಸೈಜು ಕೇಳಿ. ಗಂಡಸರಿಗೆ 7, ಹೆಂಗಸರಿಗೆ 6, ಹನ್ನೊಂದರೊಳಗಿನ ಮಕ್ಕಳಿಗೆ 5. ಒಂಬತ್ತರ ಮಗುವಿನ ಕೈಗೆ 600 ಗ್ರಾಂ ಆಸುಪಾಸಿನ 7ನೇ ಸೈಜು ಕೊಟ್ಟರೆ, ಅದು ಚೆಂಡನ್ನು ಸೊಂಟದಿಂದ ಎರಡೂ ಕೈಯಲ್ಲಿ ನೂಕುತ್ತದೆ, ಮೊಣಕೈ ಹೊರಕ್ಕೆ ಚಾಚುತ್ತದೆ. ಆ ಚಾಳಿ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಮಿನಿ ಬ್ಯಾಸ್ಕೆಟ್‌ಬಾಲಿಗೆ ರಿಂಗ್ 2.60 ಮೀಟರ್ ಎತ್ತರದಲ್ಲಿರಬೇಕು, ದೊಡ್ಡವರದ್ದು 3.05. ಇಳಿಸಬಹುದಾದ ರಿಂಗ್ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಮೀಟರ್ ದೂರದಿಂದ ಒಂಟಿ ಕೈಯಲ್ಲಿ ಶಾಟ್ ಮಾಡಿಸುವ ತಾಳ್ಮೆ ಇರಬೇಕು.

ಸಾಲಿನ ಉದ್ದ ಎಣಿಸುವುದನ್ನು ಮರೆಯಬೇಡಿ. ಒಂದು ರಿಂಗಿಗೆ 20 ಮಕ್ಕಳು, ಒಬ್ಬರಿಗೆ 9 ಸೆಕೆಂಡು ಎಂದರೆ ಸರದಿ ಬರುವುದು 3 ನಿಮಿಷಕ್ಕೊಮ್ಮೆ. 15 ನಿಮಿಷದಲ್ಲಿ ಐದೇ ಶಾಟ್! ಅನುಭವಿಗಳು ಅದೇ 20 ಮಕ್ಕಳಲ್ಲಿ ನಾಲ್ವರನ್ನು ರಿಂಗಿಗೆ ಬಿಟ್ಟು, ಉಳಿದವರನ್ನು ಪಾಸಿಂಗ್, ಡಿಫೆನ್ಸ್ ಸ್ಲೈಡ್, ಎಡಗೈ ಡ್ರಿಬಲ್ ಎಂದು ಹಂಚುತ್ತಾರೆ. ಹತ್ತು ವರ್ಷದವರನ್ನು 2-3 ಜೋನಿನಲ್ಲಿ (ಮುಂದೆ ಇಬ್ಬರು, ಹಿಂದೆ ಮೂವರು, ಆಟಗಾರನ ಬದಲು ಜಾಗ ಕಾಯುವ ಡಿಫೆನ್ಸ್) ನಿಲ್ಲಿಸಿ ಸ್ಕೂಲ್ ಟ್ರೋಫಿ ಗೆಲ್ಲಿಸುವವರೂ ಇದ್ದಾರೆ. ಕಪ್ ಬರುತ್ತದೆ, ಎದುರಾಳಿಯನ್ನು ಒಬ್ಬರೇ ತಡೆಯಲು ಮಾತ್ರ ಬರುವುದಿಲ್ಲ.

ನಾಮಫಲಕದ ಮೇಲೆ ‘ಎನ್‌ಐಎಸ್ ಕೋಚ್’ (ಎನ್‌ಐಎಸ್ ಎಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಎಂದಿದ್ದರೆ ಯಾವ ಕೋರ್ಸು ಎಂದು ಕೇಳಿ. ಪಟಿಯಾಲದ ಡಿಪ್ಲೊಮಾ ಬೇರೆ, ಆರು ವಾರದ ಸರ್ಟಿಫಿಕೇಟ್ ಬೇರೆ. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿ ಎಂದರೆ, ಮಳೆಗೆ ತಪ್ಪಿದ ಕ್ಲಾಸು ಯಾವಾಗ ಕೊಡುತ್ತೀರಿ ಎಂದು ಮೊದಲೇ ಬರೆಸಿಕೊಳ್ಳಿ. ತೆರೆದ ಕೋರ್ಟಾದರೆ ಜೂನ್ ಬಂದ ಮೇಲೆ ಈ ಜಗಳ ತಪ್ಪಿದ್ದಲ್ಲ.