ಟ್ರಯಥ್ಲಾನ್ ಹಿಂದಿನ ದಿನ: ಕುಚ್ಚಲಕ್ಕಿಯೋ ಬೆಳ್ತಿಗೆಯೋ, ಸಂಜೆಯ ಕಡಲೋ ಬೆಳಗಿನದೋ?

ತಿಂಗಳುಗಟ್ಟಲೆ ಈಜಿ, ಸೈಕಲ್ ತುಳಿದು, ಓಡಿ ತಯಾರಾದವರಿಗೂ ಸ್ಪರ್ಧೆಯ ಹಿಂದಿನ ದಿನ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳುತ್ತಾರೆ. ರಾತ್ರಿ ಹೊಟ್ಟೆ ತುಂಬ ಉಣ್ಣು ಎನ್ನುವವರಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ಹಾಸಿಗೆ ಬಿಟ್ಟು ಏಳಬೇಡ ಎಂದು ಒಬ್ಬರು, ಸ್ವಲ್ಪ ಓಡಿ ಬಾ ಎಂದು ಇನ್ನೊಬ್ಬರು. ಎರಡೂ ಕಡೆಯ ಮಾತನ್ನು ಮಂಗಳೂರಿನ ಸೆಕೆಯಲ್ಲಿ, ಮಂಗಳೂರಿನ ಊಟದಲ್ಲಿ ಮಾಡಿ ನೋಡಿದ್ದೇನೆ. ನನಗೆ ಖಚಿತವಾದದ್ದು ಇಷ್ಟು: ಹಿಂದಿನ ದಿನದ ಮುಖ್ಯ ಕೆಲಸವೆಲ್ಲ ಮಧ್ಯಾಹ್ನದೊಳಗೆ ಮುಗಿಯಬೇಕು. ಊಟದ ಹೆಚ್ಚಿನ ಪಾಲೂ ಸೇರಿ.

ನಾನು ಹೇಳುತ್ತಿರುವುದು 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟದ ಸ್ಪರ್ಧೆಯ ವಿಷಯ. ಅದರ ಅರ್ಧದ ಸ್ಪ್ರಿಂಟ್‌ಗೆ ಹೆಸರು ಕೊಟ್ಟವರಿಗೆ ಎಂದಿನ ಊಟ ಸಾಕು.

ಮೊದಲು ಅಕ್ಕಿ. ನಮ್ಮ ಮನೆಯಲ್ಲಿ ದಿನವೂ ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ತರಬೇತಿಯ ದಿನಗಳಿಗೆ ಅದಕ್ಕಿಂತ ಒಳ್ಳೆಯದು ನನಗೆ ಬೇರೆ ಗೊತ್ತಿಲ್ಲ. ತಿಂದರೆ ತುಂಬಾ ಹೊತ್ತು ಹಸಿವಾಗುವುದಿಲ್ಲ. ಆದರೆ ಹಿಂದಿನ ದಿನಕ್ಕೆ ಬೇಡವಾದದ್ದೇ ಆ ಗುಣ. ಕುಚ್ಚಲಕ್ಕಿ ನಿಧಾನವಾಗಿ ಜೀರ್ಣವಾಗುತ್ತದೆ, ತೌಡು ಉಳಿದ ಕಜೆ ಅಕ್ಕಿಯಲ್ಲಿ ನಾರು ಇನ್ನೂ ಹೆಚ್ಚು. ಮರುದಿನ ಬೆಳಿಗ್ಗೆ ಹೊಟ್ಟೆ ಭಾರ, ಓಟದ ಹೊತ್ತಿಗೆ ಕರುಳಿನ ತೊಂದರೆ. ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯ ಅನ್ನ, ಹಾಗಲ್ಲ. ಬೇಗ ಕರಗುತ್ತದೆ, ಸ್ನಾಯುಗಳಿಗೆ ಬೇಕಾದ ಪಿಷ್ಟವನ್ನು ಬೇಗ ಕೊಡುತ್ತದೆ. ಆ ಒಂದು ದಿನ ನಾನು ಕುಚ್ಚಲಕ್ಕಿ ಬಿಡುತ್ತೇನೆ. ತೊಂಡೆಕಾಯಿ, ಬಸಳೆ, ಹೆಸರುಕಾಳು, ಹಲಸಿನ ಬೀಜ ಇವೂ ಅಂದು ತಟ್ಟೆಗೆ ಬರುವುದಿಲ್ಲ.

ಅನ್ನವೊಂದರಿಂದ ಲೆಕ್ಕ ತುಂಬುವುದೂ ಇಲ್ಲ. ದೀರ್ಘ ಸ್ಪರ್ಧೆಯ ಹಿಂದಿನ ದಿನ ದೇಹದ ತೂಕದ ಪ್ರತಿ ಕೆ.ಜಿ.ಗೆ 8ರಿಂದ 12 ಗ್ರಾಂ ಕಾರ್ಬೋಹೈಡ್ರೇಟ್ ಎನ್ನುವುದು ಕ್ರೀಡಾ ಪೋಷಣೆಯವರ ಸಾಮಾನ್ಯ ಸಲಹೆ. 65 ಕೆ.ಜಿ.ಯವರಿಗೆ ಕಡಿಮೆಯೆಂದರೂ 520 ಗ್ರಾಂ ಆಯಿತು. 100 ಗ್ರಾಂ ಅನ್ನದಲ್ಲಿ ಸಿಗುವುದು ಸುಮಾರು 28 ಗ್ರಾಂ. ಅಂದರೆ ಅನ್ನವನ್ನೇ ನಂಬಿದರೆ ಎರಡು ಕೆ.ಜಿ.ಯ ಹತ್ತಿರ ಉಣ್ಣಬೇಕು. ಅದಕ್ಕಾಗಿ ಹಲವರು ಹೋಟೆಲಿನ ಪಾಸ್ತಾ ಹುಡುಕಿಕೊಂಡು ಹೋಗುತ್ತಾರೆ. ನಾನೂ ತಿಂದು ನೋಡಿದ್ದೇನೆ: ಪಾಸ್ತಾಕ್ಕಿಂತ ಅದರ ಮೇಲಿನ ಕ್ರೀಮು, ಚೀಸೇ ಹೆಚ್ಚು, ಆ ಕೊಬ್ಬು ರಾತ್ರಿಯಿಡೀ ಹೊಟ್ಟೆಯಲ್ಲಿ ಕೂರುತ್ತದೆ. ಅದಕ್ಕೆ ಎದುರು ನಮ್ಮ ಸೇಮಿಗೆಯನ್ನು ಇಟ್ಟು ನೋಡಿ. ಅಕ್ಕಿಯದೇ ಎಳೆ, ಹಗುರ, ಜೊತೆಗೆ ಬೆಲ್ಲದ ರಸ. ಕಾಯಿಹಾಲನ್ನು ಮಾತ್ರ ತೆಳ್ಳಗೆ ಮಾಡಿಕೊಳ್ಳಬೇಕು. ಬೆಳಿಗ್ಗೆ ಬೆಲ್ಲದ ಜೊತೆ ನೀರುದೋಸೆ, ನಡುವೆ ಬಾಳೆಹಣ್ಣು, ಮಧ್ಯಾಹ್ನ ಬೆಳ್ತಿಗೆ ಅನ್ನ ಮತ್ತು ತೆಳು ಸಾರು, ನಾಲ್ಕು ಗಂಟೆಗೆ ಸೇಮಿಗೆ. ಹೀಗೆ ಹಂಚಿಕೊಂಡರೆ 520 ಗ್ರಾಂ ಕಷ್ಟವಲ್ಲ. ಮರುದಿನ ತೂಕ ಒಂದು ಕೆ.ಜಿ. ಏರಿದ್ದರೆ ಗಾಬರಿ ಬೇಡ, ಸ್ನಾಯುವಿನಲ್ಲಿ ಸೇರುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಕಾರ್ಬೋಹೈಡ್ರೇಟ್) ಜೊತೆಗೆ ಸುಮಾರು 3 ಗ್ರಾಂ ನೀರೂ ಉಳಿಯುತ್ತದೆ.

ಮೀನು? ಮೀನಿಲ್ಲದ ಊಟ ನನಗೆ ಊಟವೇ ಅಲ್ಲ. ಖಾರ ಕಡಿಮೆ ಇರುವ ಬಂಗುಡೆ ಸಾರು ಒಂದು ತುಂಡಿನಷ್ಟು ಮಧ್ಯಾಹ್ನ ಸರಿ. ಘೀ ರೋಸ್ಟ್, ಗೋಳಿಬಜೆ, ಬನ್ಸ್ ಸ್ಪರ್ಧೆ ಮುಗಿದ ಮೇಲೆ.

ರಾತ್ರಿಯೂಟದ ವಿಷಯದಲ್ಲಿ ಅಮ್ಮನಿಗೂ ನನಗೂ ಪ್ರತಿ ಸಲ ವಾದ. "ನಾಳೆ ಅಷ್ಟು ದೂರ ಓಡ್ಲಿಕ್ಕೆ ಉಂಟು ಮಗಾ, ಇಷ್ಟೇ ಉಂಡ್ರೆ ಹೇಗೆ?" ಎನ್ನುತ್ತಾರೆ. ಮಧ್ಯಾಹ್ನದೊಳಗೆ ಮುಕ್ಕಾಲು ಪಾಲು ತಿಂದವನಿಗೆ ಏಳು ಗಂಟೆಗೆ ಬೆಳ್ತಿಗೆ ಅಕ್ಕಿಯ ಗಂಜಿ, ಉಪ್ಪಿನಕಾಯಿ ಸಾಕು. ದೊಡ್ಡ ರಾತ್ರಿಯೂಟ ಮಾಡಿದಾಗ ನಿದ್ದೆ ಒಡೆಯುತ್ತದೆ, ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಗಂಜಿ ಉಂಡ ಮರುದಿನ ನಾಲ್ಕು ಗಂಟೆಗೇ ಹಸಿವು. ಆ ಹಸಿವೇ ನನಗೆ ಬೇಕಾದದ್ದು.

ಕುಡಿಯುವುದರಲ್ಲಿ ಬೊಂಡ (ಎಳನೀರು), ಓಆರ್‌ಎಸ್, ಉಪ್ಪು ಹಾಕಿದ ಗಂಜಿ ತಿಳಿ ಮೂರನ್ನೂ ನೋಡಿದ್ದೇನೆ. ಬೊಂಡ ರುಚಿಗೆ ಮೇಲು, ಆದರೆ ಅದರಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ನಮ್ಮ ಸೆಕೆಯಲ್ಲಿ ಬೆವರಿನೊಂದಿಗೆ ಹೋಗುವುದು ಮುಖ್ಯವಾಗಿ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿರುತ್ತದೆ, ಕೆಲಸದಲ್ಲಿ ಅದೇ ಮುಂದೆ. ಆದರೂ ಹಿಂದಿನ ದಿನಕ್ಕೆ ನಾನು ಆರಿಸುವುದು ಗಂಜಿ ತಿಳಿ. ಉಪ್ಪು, ಪಿಷ್ಟ, ನೀರು ಒಂದೇ ಲೋಟದಲ್ಲಿ, ಹೊಟ್ಟೆಗೆ ಹೊಸದೂ ಅಲ್ಲ. ಬರಿ ನೀರನ್ನೇ ಲೀಟರುಗಟ್ಟಲೆ ಕುಡಿಯುವುದು ಮಾತ್ರ ಅಪಾಯ. ರಕ್ತದ ಸೋಡಿಯಂ ತೀರಾ ಇಳಿದರೆ ಜೀವಕ್ಕೇ ಕುತ್ತು.

ವಿಶ್ರಾಂತಿಯ ವಿಷಯ ಚಿಕ್ಕದು. ಪೂರ್ತಿ ಮಲಗಿದ ದಿನದ ಮರುದಿನ ಕಾಲು ಜಡವಾಗಿರುತ್ತದೆ. ಇಪ್ಪತ್ತು ನಿಮಿಷ ಸೈಕಲ್, ಹತ್ತು ನಿಮಿಷ ಮೆಲ್ಲನೆ ಓಟ, ಅಷ್ಟು ಮಾಡಿದರೆ ಹಗುರ. ಆಯಾಸ ತರುವುದು ಈ ಅರ್ಧ ಗಂಟೆಯಲ್ಲ. ನಂಬರ್ ಪಡೆಯಲು ಬಿಸಿಲಲ್ಲಿ ನಿಲ್ಲುವುದು, ಬೀಚಿನಲ್ಲಿ ಗೆಳೆಯರ ಜೊತೆ ಸಂಜೆವರೆಗೆ ಮಾತಾಡುತ್ತ ನಿಲ್ಲುವುದು. ಮಧ್ಯಾಹ್ನದ ಮೇಲೆ ಕಾಫಿಯನ್ನೂ ಬಿಡುತ್ತೇನೆ, ಕುಡಿದ ಕೆಫೀನಿನ ಅರ್ಧ ಇಳಿಯಲು ಐದು ಗಂಟೆಯಷ್ಟು ಬೇಕು. ಬೆಳಗಿನ ಕಾಫಿ ಮಾತ್ರ ತಪ್ಪಿಸುವುದಿಲ್ಲ.

ಇನ್ನು ಕಡಲು. ಹೊರಗಿನಿಂದ ಬಂದವರು ಹೆಚ್ಚಾಗಿ ಸಂಜೆ ತಣ್ಣೀರುಬಾವಿಗೋ ಪಣಂಬೂರಿಗೋ ಹೋಗಿ ನೀರು ನೋಡುತ್ತಾರೆ, ನೋಡಿ ಹೆದರುತ್ತಾರೆ. ಹೆದರದೆ ಇನ್ನೇನು? ಹಗಲು ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ದಡದ ಕಡೆ ಬೀಸಿ ನೀರನ್ನು ಕಲಕುತ್ತದೆ. ರಾತ್ರಿ ಅದು ತಿರುಗಿ, ಬೆಳಗಿನ ಜಾವ ನೆಲದಿಂದ ಕಡಲಿಗೆ ಮೆಲುಗಾಳಿ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಆರೂವರೆಯ ಕಡಲು ಸಂಜೆಯದಕ್ಕಿಂತ ಎಷ್ಟೋ ಸೌಮ್ಯ. ಹಾಗಾಗಿ ನೀರಿಗಿಳಿದು ನೋಡುವುದಿದ್ದರೆ ಸ್ಪರ್ಧೆ ಶುರುವಾಗುವ ಹೊತ್ತಿಗೇ ಇಳಿಯಬೇಕು, ಜೀವರಕ್ಷಕರು ಇರುವಲ್ಲಿ, ಜೊತೆಗಾರರೊಂದಿಗೆ. ಹತ್ತು ನಿಮಿಷ ಸಾಕು.

ಆ ಹೊತ್ತಿಗೆ ಇಳಿದರೆ ಸಂಜೆ ಕಾಣದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ದಡದ ಹಿಂದೆ. ಹೊರಗೆ ಈಜುವಾಗ ಬೆಳಕು ಬೆನ್ನಿಗೆ, ತಿರುವಿನ ಗುರುತಿಗೆ ನೀರಲ್ಲಿ ತೇಲಿಬಿಟ್ಟ ಬೋಯ್ ಸುತ್ತಿ ಮರಳುವಾಗ ನೇರ ಕಣ್ಣಿಗೆ. ದಡದ ಮರಗಳೆಲ್ಲ ಒಂದೇ ಕಪ್ಪು ಗೆರೆಯಾಗಿ, ಎಲ್ಲಿಗೆ ಗುರಿ ಇಡಬೇಕೆಂದು ತೋಚುವುದಿಲ್ಲ. ಬಿಳಿ ಗಾಜಿನ ಈಜುಗನ್ನಡಕ ಹೋಗುವಾಗ ಚೆನ್ನ, ಬರುವಾಗ ಕುರುಡು. ಗಾಢ ಗಾಜಿನದು ಬರುವಾಗ ಚೆನ್ನ, ಮಬ್ಬಿನಲ್ಲಿ ಹೊರಡುವಾಗ ಕಷ್ಟ. ತೆಳು ಹೊಗೆಬಣ್ಣದ್ದು ಎರಡಕ್ಕೂ ಆಗುತ್ತದೆ. ದಡದ ಅತಿ ಎತ್ತರದ ವಸ್ತು ಯಾವುದೆಂದು ಹಿಂದಿನ ದಿನವೇ ನೀರಿನೊಳಗಿಂದ ನೋಡಿ ಗುರುತು ಮಾಡಿಕೊಳ್ಳಿ.

ಬೀಚಿನ ಹತ್ತಿರ ರೂಮು ಮಾಡುವುದೋ, ಮನೆಯಲ್ಲೇ ಮಲಗುವುದೋ? ನಗರದವರಿಗೆ ಮನೆಯೇ ಮೇಲು. ನಸುಕಿನಲ್ಲಿ ಬೀಚಿನ ದಾರಿಯ ಕೂಳೂರು ದಾಟಲು ಹೆಚ್ಚು ಹೊತ್ತು ಬೇಡ, ತಿಂಡಿಯೂ ನಮ್ಮ ಅಡುಗೆಮನೆಯದು. ಸ್ಪರ್ಧೆಗೆ ಮೂರು ಗಂಟೆ ಮೊದಲು ನಾಲ್ಕು ನೀರುದೋಸೆ ಯಾವ ಲಾಡ್ಜಿನಲ್ಲೂ ಸಿಗುವುದಿಲ್ಲ. ದೂರದವರು ರೂಮು ಮಾಡಲಿ, ಆದರೆ ಸೇಮಿಗೆಯೋ ಬ್ರೆಡ್ಡೋ ಬಾಳೆಹಣ್ಣೋ ರಾತ್ರಿಯೇ ತಂದಿಟ್ಟುಕೊಳ್ಳಲಿ. ಆ ರಾತ್ರಿ ನಿದ್ದೆ ಸರಿಯಾಗಿ ಬರದಿದ್ದರೂ ಚಿಂತೆ ಬೇಡ. ಅದರ ಹಿಂದಿನ ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿದ್ದರೆ ಕಾಲಿಗೆ ಶಕ್ತಿ ಇರುತ್ತದೆ, ಸುಮ್ಮನೆ ಕಣ್ಣು ಮುಚ್ಚಿ ಮಲಗಿದರೂ ವಿಶ್ರಾಂತಿಯೇ.