ಕುದುರೆ ಕೋವಿ, ಬಾಕ್ಸ್‌ಲಾಕ್, ಮೇಲೆ-ಕೆಳಗೆ ನಳಿಗೆ: ಮೂರರಲ್ಲೂ 50 ಈಡು ಹೊಡೆದು ನೋಡಿದೆ

ನಮ್ಮದು ವಿರಾಜಪೇಟೆ ಕಡೆ. ಕೈಲ್‌ಪೊಳ್ದ್ ಹಬ್ಬಕ್ಕೆ ತಾತನ ಜೋಡುನಳಿಗೆ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸೋದು ಚಿಕ್ಕವನಾಗಿ ನನ್ನ ಕೆಲಸ. ಆ ಕೋವಿಗೆ ಹೊರಗಡೆ ಎರಡು ಕುದುರೆ (ಟ್ರಿಗರ್ ಒತ್ತಿದಾಗ ಬಡಿಯೋ ಸುತ್ತಿಗೆ) ಇದ್ದವು, ಕಿವಿ ನಿಮಿರಿಸಿ ಕೂತ ಹಾಗೆ. ಈಗ ಕೆಲಸಕ್ಕಾಗಿ ಬರ್ಮಿಂಗ್‌ಹ್ಯಾಮ್ ಹತ್ತಿರ ಇದ್ದೇನೆ, ಅಂಥ ಕೋವಿಗಳು ಹುಟ್ಟಿದ ಊರಲ್ಲೇ. ಕೋವಿ ಲೈಸೆನ್ಸ್ ವಿನಾಯಿತಿ ಇರೋ ಕೊಡವರ ಮನೆಯಿಂದ ಬಂದವನಿಗೆ ಇಲ್ಲಿ ಪೊಲೀಸರು ಮನೆಗೆ ಬಂದು ಬೀರು, ಬೀಗ ಎಲ್ಲ ನೋಡಿಕೊಂಡು ಹೋದಾಗ ಸ್ವಲ್ಪ ಮುಜುಗರವೇ ಆಯ್ತು. ಕೋವಿಗೆ ನೂರು ವರ್ಷ ದಾಟಿದೆ ಅಂದರೂ ಬಿಡೋದಿಲ್ಲ. ಇವತ್ತಿಗೂ ಸಿಗೋ 12 ಬೋರ್ ತೋಟೆ ಹಾರಿಸುತ್ತದಲ್ವಾ, ಸರ್ಟಿಫಿಕೇಟ್ ಬೇಕೇ ಬೇಕು.

ನಾನು ತಗೊಂಡಿದ್ದು 1880ರ ದಶಕದ ಬರ್ಮಿಂಗ್‌ಹ್ಯಾಮ್ ಕುದುರೆ ಕೋವಿ, ಸರಳು ಸುತ್ತಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ, ರಿಪೇರಿ ಮಾಡಿ ಹೊಸದು ಮಾಡಿದ್ದು. ಗುರಿ ಹೊಡೆಯೋ ಮೈದಾನದಲ್ಲಿ ಎಲ್ಲರೂ ನಕ್ಕರು. ಒಬ್ಬರು ತಮ್ಮ ಬಾಕ್ಸ್‌ಲಾಕ್ ಕೋವಿ ವೆಬ್ಲಿ ಅಂಡ್ ಸ್ಕಾಟ್ 700 ಕೊಟ್ಟರು, ಇನ್ನೊಬ್ಬರು ಮೇಲೆ-ಕೆಳಗೆ ನಳಿಗೆಯ ಬೆರೆಟ್ಟಾ 686 ಕೊಟ್ಟರು, ಹೊಡೆದು ನೋಡು, ಆಮೇಲೆ ಮಾತಾಡು ಅಂದರು. ಸರಿ, ಎರಡು ಶನಿವಾರ, ಒಂದೊಂದಕ್ಕೂ ಯಂತ್ರ ಗಾಳಿಗೆ ಎಸೆಯೋ 50 ಗುರಿತಟ್ಟೆ, ಮೂರಕ್ಕೂ ಒಂದೇ ತೋಟೆ: 65 ಮಿಲಿಮೀಟರ್, 24 ಗ್ರಾಂ ಸೀಸದ ಚರೆ. ಹಳೆಯದರ ಚೇಂಬರ್, ಅಂದರೆ ತೋಟೆ ಕೂರೋ ಜಾಗ, ಚಿಕ್ಕದು, ಅದಕ್ಕೆ ಹೊಂದೋದನ್ನೇ ಉಳಿದವಕ್ಕೂ ಹಾಕಿದೆ. ಡಮಾಸ್ಕಸ್ ನಳಿಗೆಗೆ ಸ್ಟೀಲ್ ಚರೆ ಹಾಕಲೇಬಾರದು, ಅದು ನೆನಪಿರಲಿ.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಡೆದ ತಟ್ಟೆ ಬೆರೆಟ್ಟಾದಲ್ಲಿ 39, ವೆಬ್ಲಿಯಲ್ಲಿ 33, ನನ್ನ ಕೋವಿಯಲ್ಲಿ 27.

ಬೆರೆಟ್ಟಾ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಒಂದರ ಮೇಲೊಂದು ನಳಿಗೆ ಇರೋದರಿಂದ ಕಣ್ಣ ಮುಂದೆ ಒಂದೇ ಗೆರೆ, ಒಂದೇ ಟ್ರಿಗರ್. ತೂಕ ಜಾಸ್ತಿ, ಹಾಗಾಗಿ ಒದೆತ ಕಮ್ಮಿ. ತಟ್ಟೆ ಒಡೆಯೋದಷ್ಟೇ ಬೇಕಿದ್ದರೆ ಇದನ್ನೇ ತಗೊಳ್ಳಿ, ಮುಂದೆ ಓದೋದು ಬೇಡ.

ವೆಬ್ಲಿ ನೋಡೋಕೆ ನನ್ನದರ ತಮ್ಮನ ಹಾಗೆ, ಅಕ್ಕಪಕ್ಕದ ನಳಿಗೆ, ಎರಡು ಟ್ರಿಗರ್. ಕುದುರೆಗಳು ಮಾತ್ರ ಒಳಗೆ ಅಡಗಿವೆ. 1875ರಲ್ಲಿ ಆನ್ಸನ್ ಮತ್ತು ಡೀಲಿ ಪೇಟೆಂಟ್ ಮಾಡಿದ ಬಾಕ್ಸ್‌ಲಾಕ್ ಅನ್ನೋ ಯಂತ್ರ ಇದರೊಳಗೆ ಇರೋದು. ನಳಿಗೆ ಬಗ್ಗಿಸಿ ಕೋವಿ ತೆರೆದರೆ ಸಾಕು, ಒಳಗಿನ ಕುದುರೆಗಳು ತಾವೇ ಸಜ್ಜಾಗುತ್ತವೆ. ಬೆರಳಿಗೆ ಒಂದು ಕೆಲಸ ಉಳೀತು. ತೊಂದರೆ ಏನಂದರೆ, ಮುಚ್ಚಿದ ಕೋವಿ ಸಜ್ಜಾಗಿದೆಯೋ ಇಲ್ಲವೋ ನೋಡಿದರೆ ಗೊತ್ತಾಗಲ್ಲ. ಸೇಫ್ಟಿ ಅನ್ನೋದು ಇದೆ, ಆದರೆ ಅದು ಹಿಡಿಯೋದು ಟ್ರಿಗರನ್ನು ಮಾತ್ರ, ಕುದುರೆಯನ್ನಲ್ಲ.

ನನ್ನ ಕೋವಿಯಲ್ಲಿ ಎಲ್ಲ ಬಯಲಿಗೇ ಇದೆ. ಕುದುರೆ ಹಿಂದಕ್ಕೆ ಬಾಗಿದ್ದರೆ ಸಜ್ಜು, ಮುಂದಿದ್ದರೆ ಇಲ್ಲ, ಹತ್ತು ಮಾರು ದೂರದಲ್ಲಿ ನಿಂತವನಿಗೂ ಕಾಣುತ್ತದೆ. ಇದರಲ್ಲಿರೋದು ಹೊಡೆದ ಮೇಲೆ ತಾನೇ ಸ್ವಲ್ಪ ಹಿಂದಕ್ಕೆ ಸರಿದು ನಿಲ್ಲೋ ಕುದುರೆ. ವುಲ್ವರ್‌ಹ್ಯಾಂಪ್ಟನ್‌ನ ಸ್ಟ್ಯಾಂಟನ್ 1867ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ. ಅದಕ್ಕೂ ಹಿಂದಿನ ಕೋವಿಗಳಲ್ಲಿ ಕುದುರೆಯನ್ನು ಕೈಯಿಂದ ಅರ್ಧಕ್ಕೆ ಎಳೆದೇ ಕೋವಿ ತೆರೆಯಬೇಕಿತ್ತು.

ಆದರೆ ಇದು ಕಚ್ಚೋದೂ ಕುದುರೆಯಲ್ಲೇ. ಎರಡನ್ನೂ ಎಳೆದು ನಿಂತೆ, ಯಂತ್ರ ಸಿಕ್ಕಿಕೊಂಡು ತಟ್ಟೆ ಬರಲಿಲ್ಲ. ಈಗ ಕುದುರೆ ಇಳಿಸಬೇಕು. ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಬಿಡಬೇಕು. ಜನವರಿ ಚಳಿ, ತುಂತುರು ಮಳೆ, ಮರಗಟ್ಟಿದ ಬೆರಳು. ಜಾರಿತು. ಟಕ್ ಅಂತ ಸದ್ದು. ಮೊದಲು ಕೋವಿ ತೆರೆದು ತೋಟೆ ತೆಗೆದು ಆಮೇಲೆ ಇಳಿಸೋ ಅಭ್ಯಾಸ ಇದ್ದದ್ದಕ್ಕೆ ಬರೀ ಎದೆ ಧಸಕ್ಕೆಂದಿತು, ಬೇರೇನೂ ಆಗಲಿಲ್ಲ. ತೋಟೆ ಒಳಗಿಟ್ಟುಕೊಂಡು ಕುದುರೆ ಇಳಿಸೋರನ್ನೂ ನೋಡಿದ್ದೇನೆ. ಅವರ ಪಕ್ಕ ನಾನು ನಿಲ್ಲಲ್ಲ.

ಐದನೇ ಜಾರ್ಜ್ ದೊರೆ ಒಳಕುದುರೆ ಕೋವಿಗಳು ಬಂದು ಎಷ್ಟೋ ವರ್ಷವಾದರೂ ಪರ್ಡಿ ಕಂಪನಿಯ ಹೊರಕುದುರೆ ಕೋವಿಗಳನ್ನೇ ಹಿಡಿದಿದ್ದರು. ನಿಜ, ಆದರೆ ಅವರಿಗೆ ಪಕ್ಕದಲ್ಲಿ ನಿಂತು ತುಂಬಿಕೊಡೋ ಆಳುಗಳಿದ್ದರು.

ಮತ್ತೆ 27 ಯಾಕೆ? ಕುದುರೆ ಎಳೆಯೋದರಿಂದಲ್ಲ. ಅದನ್ನು ತಟ್ಟೆ ಕರೆಯೋ ಮೊದಲೇ ಎಳೆದಿರುತ್ತೇವೆ. ತಪ್ಪಿದ ಈಡೆಲ್ಲ ತಟ್ಟೆಯ ಕೆಳಗೇ ಹೋಗಿದ್ದವು. ಆ ಕಾಲದ ಸ್ಟಾಕ್, ಅಂದರೆ ಭುಜಕ್ಕೆ ಒತ್ತೋ ಮರದ ಭಾಗ, ಹಿಂಬದಿಗೆ ಜಾಸ್ತಿ ಇಳಿದಿರುತ್ತದೆ, ಕೆನ್ನೆ ಒತ್ತಿದರೆ ನನ್ನ ಕಣ್ಣು ಕೋವಿಯ ಬೆನ್ನನ್ನೇ ನೋಡುತ್ತದೆ. ಮೂವತ್ತು ತಟ್ಟೆ ಆದ ಮೇಲೆ ಇದು ಹೊಳೀತು. ಆಮೇಲೆ ತಟ್ಟೆಯ ತಲೆ ಮೇಲೆ ಗುರಿ ಇಟ್ಟೆ, ಕೊನೆಯ ಇಪ್ಪತ್ತರಲ್ಲಿ 15 ಒಡೆದವು.

ಹಳೆಯದು ತಗೊಳ್ಳೋರಿಗೆ ಒಂದು ಮಾತು. ಇದಕ್ಕೂ ಮೊದಲು ಇನ್ನೊಂದು ಕೋವಿಗೆ ಒಬ್ಬ ಮಾರಾಟಗಾರನ ಹತ್ತಿರ ಮುಂಗಡ ಕೊಟ್ಟು ಕಳಕೊಂಡೆ. ಪೂರ್ತಿ ರಿಪೇರಿ ಆಗಿದೆ ಅಂದಿದ್ದ, ಥಳಥಳ ಹೊಳೀತಿತ್ತು. ಮೈದಾನದ ಹಿರಿಯರೊಬ್ಬರು ನಳಿಗೆ ಬಿಚ್ಚಿ, ಕೊಕ್ಕೆಯನ್ನು ಬೆರಳಿಗೆ ನೇತುಹಾಕಿ, ಗೆಣ್ಣಿನಿಂದ ಬಡಿದರು. ಗಂಟೆ ಥರ ನಾದ ಬರಬೇಕು. ಸಂತೆಯಲ್ಲಿ ಒಡಕು ಮಡಕೆ ತಟ್ಟಿದ ಹಾಗೆ ಬಂತು. ಎರಡು ನಳಿಗೆ ಕೂಡಿಸೋ ಬೆಸುಗೆ ಬಿಟ್ಟಿತ್ತು. ಒಳಗಿನ ತುಕ್ಕಿನ ಗುಳಿ ಹೋಗಲಾಡಿಸೋಕೆ ಉಜ್ಜಿ ಉಜ್ಜಿ ನಳಿಗೆಯ ಗೋಡೆಯನ್ನೂ ತೆಳ್ಳಗೆ ಮಾಡಿದ್ದರು. ಅದು ಹೊರಗಿಂದ ಕಾಣಲ್ಲ, ಅಳತೆ ಮಾಡಿಸಬೇಕು. ಈ ನಳಿಗೆಗಳನ್ನು ಮೊದಲು ಪರೀಕ್ಷೆ ಮಾಡಿದ್ದು ಕರಿಮದ್ದಿಗೆ. ಈಗಿನ ಮದ್ದು ಹಾರಿಸಬೇಕಾದರೆ ಪ್ರೂಫ್ ಹೌಸ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದ ಮುದ್ರೆ ಇರಬೇಕು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರ ಕಾಯ್ದೆಯಿಂದ ಶುರುವಾದದ್ದು, ಈಗಲೂ ಆ ಕೆಲಸ ನಡೆಯುತ್ತಿದೆ. ನನ್ನದಕ್ಕೆ ಆ ಮುದ್ರೆ ಇದೆ. ಹೊಳಪಿಗಿಂತ ಅದಕ್ಕೆ ದುಡ್ಡು ಕೊಡಿ.

ಹೊಳಪೂ ಸುಳ್ಳಲ್ಲ ಬಿಡಿ. ಡಮಾಸ್ಕಸ್ ಅಂದರೆ ಕಬ್ಬಿಣ, ಉಕ್ಕು ಸೇರಿಸಿ ಹೊಸೆದ ಸರಳುಗಳನ್ನು ಸುತ್ತಿ, ಕಾಸಿ ಬಡಿದು ಮಾಡಿದ ನಳಿಗೆ. ಬೇಕಂತಲೇ ತುಕ್ಕು ಹಿಡಿಸಿ, ತಿಕ್ಕಿ, ಮತ್ತೆ ಹಿಡಿಸಿ, ಹೀಗೆ ದಿನಗಟ್ಟಲೆ ಮಾಡಿದಾಗ ಒಳಗಿನ ಹೆಣಿಗೆ ಮೇಲೆ ಬರುತ್ತದೆ. ಕಿಟಕಿ ಬೆಳಕಿಗೆ ಹಿಡಿದರೆ ಕಂದು ಬಣ್ಣದಲ್ಲಿ ಪುಟ್ಟ ಪುಟ್ಟ ಚಕ್ಕುಲಿಗಳು ಒತ್ತೊತ್ತಾಗಿ ಕೂತಿವೆ. ವೆಬ್ಲಿಯ ಕಪ್ಪು ನಳಿಗೆಯನ್ನು ಯಾರಾದರೂ ಸುಮ್ನೆ ಹೀಗೆ ಹತ್ತು ನಿಮಿಷ ನೋಡ್ತಾ ಕೂರ್ತಾರಾ?

ಆದರೂ ಮಳೆ ದಿನಕ್ಕೆ ವೆಬ್ಲಿಯೇ ವಾಸಿ. ಅದರ ಯಜಮಾನರನ್ನು ಮಾರ್ತೀರಾ ಅಂತ ಕೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ. ನನ್ನ ಕೋವಿಯ ಸ್ಟಾಕನ್ನು ಬಿಸಿ ಎಣ್ಣೆ ಹಾಕಿ ಮೇಲಕ್ಕೆ ಬಗ್ಗಿಸೋಕೆ ಕೊಟ್ಟಿದ್ದೇನೆ. ವಾಪಸ್ ಬಂದ ಮೇಲೆ ಅದೇ ತೋಟೆ, ಅದೇ 50 ತಟ್ಟೆ. ಈ ಸಲ 33 ದಾಟಿದರೆ ನಕ್ಕವರು ಚಹಾ ಕೊಡಿಸಬೇಕು ಅಂತ ಮಾತಾಗಿದೆ.